ಜಡೆ ಹೆಣೆಯದ ಐದು ದಿನ

ಇದನ್ನು ಬರೆಯಲು, ಇದರಲ್ಲಿ ಬರುವ ಮಹಿಳೆಯ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಕಾಸರಗೋಡಿನ ಒಂದು ಸಣ್ಣ ಪೇಟೆಯಲ್ಲಿ ಅಂಗಡಿ, ಹೋಟೆಲುಗಳಿಂದ ಪ್ಲಾಸ್ಟಿಕ್ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆ ಅನ್ನುವ ಮಹಿಳೆಯರ ಗುಂಪಿನ ಒಬ್ಬರು ನನ್ನ ಹತ್ತಿರ ಬಂದರು. ವಯಸ್ಸು ನಲವತ್ತರ ಆಸುಪಾಸು. ಇಲ್ಲಿ ಅವರನ್ನು ಅಕ್ಕ ಅಂತಲೇ ಕರೆಯುತ್ತೇನೆ, ಎದುರಲ್ಲಿ ಕರೆದದ್ದೂ ಹಾಗೆಯೇ. ಮೊದಲು ಹೇಳಿದ್ದು ಇಷ್ಟೇ: "ನಿದ್ದೆ ಬರುವುದಿಲ್ಲ ಮೇಡಂ." ಸ್ವಲ್ಪ ಹೊತ್ತು ಸುಮ್ಮನೆ ಕೂತು, "ಮಗಳ ಜಡೆ ಹೆಣೆದು ಐದು ದಿನ ಆಯ್ತು" ಅಂದರು. ಯಾಕೆ ಅಂತ ಕೇಳಿದಾಗ ಬಲಗೈಯ ತೋರುಬೆರಳು ಮುಂದೆ ಹಿಡಿದರು. ಗಾಯ ಅನ್ನುವಂಥದ್ದು ಏನೂ ಕಾಣಲಿಲ್ಲ. ಎಳ್ಳಿನಷ್ಟು ಒಂದು ಕಪ್ಪು ಚುಕ್ಕೆ.

ಒಂದು ಅಂಗಡಿಯ ಚೀಲದೊಳಗಿದ್ದ ಇನ್ಸುಲಿನ್ ಸೂಜಿ ಚುಚ್ಚಿತ್ತು. ಬೆರಳನ್ನು ಬಾಯಿಗಿಟ್ಟು ಚೀಪಿ, ಓವರ್‌ಕೋಟಿನ ತುದಿಗೆ ಒರೆಸಿ, ಮುಂದಿನ ಅಂಗಡಿಗೆ ಹೋಗಿದ್ದರು. ಯಾರಿಗೂ ಹೇಳಲಿಲ್ಲ. ಅವತ್ತಿನಿಂದ ಮನೆಯಲ್ಲಿ ತಟ್ಟೆ, ಲೋಟ ಬೇರೆ ಮಾಡಿಕೊಂಡಿದ್ದರು. ಮಗಳನ್ನು ಹತ್ತಿರ ಮಲಗಿಸಿಕೊಳ್ಳಲಿಲ್ಲ. ತಲೆ ಬಾಚಲು ಕರೆದರೆ ಅಜ್ಜಿಯ ಹತ್ತಿರ ಹೋಗು ಅನ್ನುತ್ತಿದ್ದರು.

ಯಾಕೆ ಹೇಳಲಿಲ್ಲ ಅಂತ ಕೇಳಿದೆ. "ಗ್ಲೌಸ್ ಯಾಕೆ ತೆಗ್ದದ್ದು ಅಂತ ಕೇಳ್ತಾರೆ ಮೇಡಂ. ತಪ್ಪು ನಂದೇ ಅಲ್ವಾ?"

ಈ ಮಾತಿನ ಮೇಲೆಯೇ ನಾವು ಜಾಸ್ತಿ ಹೊತ್ತು ಕಳೆದೆವು. ಅಂಗಡಿಯ ಗೋಡೆಯಲ್ಲಿ ಅಂಟಿಸಿದ ಕ್ಯೂಆರ್ ಕೋಡನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಬೇಕು, ಹಣ ತೆಗೆದುಕೊಳ್ಳಬೇಕು, ರಶೀದಿ ಕೊಡಬೇಕು. ಗ್ಲೌಸ್ ಹಾಕಿಕೊಂಡರೆ ಫೋನಿನ ಪರದೆ ಬೆರಳಿಗೆ ಸ್ಪಂದಿಸುವುದಿಲ್ಲ. ಹಾಗಾಗಿ ಬಲಗೈಯದು ತೆಗೆಯುತ್ತಾರೆ, ಮತ್ತೆ ಹಾಕುತ್ತಾರೆ. ದಿನಕ್ಕೆ ಎಷ್ಟು ಅಂಗಡಿ ಅಂತ ಕೇಳಿದೆ. ನಲವತ್ತು ಅಂದರು. "ಹಾಗಾದರೆ ನಲವತ್ತು ಸಲ ತೆಗೆದು ನಲವತ್ತು ಸಲ ಹಾಕುವ ಗ್ಲೌಸನ್ನು ಒಂದು ಸಲ ಹಾಕಲು ಮರೆತರೆ ಅದು ನಿಮ್ಮ ತಪ್ಪಾ ಅಕ್ಕ, ಕೆಲಸ ಜೋಡಿಸಿದ ರೀತಿಯದಾ?" ಅವರು ಉತ್ತರ ಹೇಳಲಿಲ್ಲ. ಚೀಲದಿಂದ ಗ್ಲೌಸ್ ತೆಗೆದು ಮೇಜಿನ ಮೇಲಿಟ್ಟರು. ತೆಳು ರಬ್ಬರಿನದು, ಹೆಬ್ಬೆರಳಿನ ಹತ್ತಿರ ಹರಿದಿತ್ತು. ಅದನ್ನು ಹಾಕಿಕೊಂಡಿದ್ದರೂ ಸೂಜಿ ತಡೆಯುತ್ತಿರಲಿಲ್ಲ. ಇದನ್ನು ಅವರಿಗೆ ಸ್ಪಷ್ಟವಾಗಿ ಹೇಳಿದೆ.

ಕಷ್ಟದ ಮಾತನ್ನೂ ಹೇಳಲೇಬೇಕಿತ್ತು. ಎಚ್‌ಐವಿ ತಡೆಯುವ ಮಾತ್ರೆಯನ್ನು ಚುಚ್ಚಿದ 72 ಗಂಟೆಯೊಳಗೆ ಶುರು ಮಾಡಬೇಕು, ಎರಡು ಗಂಟೆಯೊಳಗಾದರೆ ಇನ್ನೂ ಒಳ್ಳೆಯದು. ಆಮೇಲೆ 28 ದಿನ ತಪ್ಪದೆ ನುಂಗಬೇಕು. ಅಕ್ಕನಿಗೆ ಆ ಸಮಯ ದಾಟಿ ಹೋಗಿತ್ತು. ಮುಚ್ಚಿಡುವುದು ಸರಿಯಲ್ಲ ಅಂತ ನೇರವಾಗಿ ಹೇಳಿದೆ. ಅತ್ತರು. ಅಳಲು ಬಿಟ್ಟೆ.

ಆಮೇಲೆ ಲೆಕ್ಕ ಬಿಡಿಸಿದೆ. ಎಚ್‌ಐವಿ ಇರುವವರ ರಕ್ತ ತಾಗಿದ ಸೂಜಿ ಆಸ್ಪತ್ರೆಯಲ್ಲಿ ಹಸಿಯಾಗಿಯೇ ಚುಚ್ಚಿದರೂ ಸೋಂಕು ತಗಲುವುದು 1000ದಲ್ಲಿ ಸುಮಾರು 3 ಸಲ. ಇಲ್ಲಿ ಸೂಜಿ ಯಾರದ್ದು, ಅವರಿಗೆ ಸೋಂಕು ಇದೆಯಾ ಅನ್ನುವುದೇ ಗೊತ್ತಿಲ್ಲ. ಚೀಲದಲ್ಲಿ ಬಿದ್ದು ಒಣಗಿದ ರಕ್ತದಲ್ಲಿ ಆ ವೈರಸ್‌ನ ಬಲ ಬೇಗ ಕುಗ್ಗುತ್ತದೆ. ನಾನು ಹೆಚ್ಚು ಹೆದರಿದ್ದು ಲಿವರಿಗೆ ತಗಲುವ ಹೆಪಟೈಟಿಸ್ ಬಿ ವೈರಸ್ ಬಗ್ಗೆ. ಅದು ದೇಹದ ಹೊರಗೆ ಕನಿಷ್ಠ 7 ದಿನ ಬದುಕುತ್ತದೆ, ಸೂಜಿಯಿಂದ ಹರಡುವುದೂ ಎಚ್‌ಐವಿಗಿಂತ ಬಹಳ ಸುಲಭ. ಅದಕ್ಕೆ ಲಸಿಕೆ ಇದೆ, ಆದರೆ ಅಕ್ಕ ಹಾಕಿಸಿಕೊಂಡಿರಲಿಲ್ಲ. ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ರಕ್ತ ಪರೀಕ್ಷೆಗೆ ಕೊಟ್ಟು, ಮೊದಲ ಡೋಸ್ ಹಾಕಿಸಿದೆವು, ಟಿಟಿಯನ್ನೂ ಹಾಕಿದರು. ಲಸಿಕೆಯ ಮುಂದಿನ ಡೋಸ್‌ಗಳು ಒಂದನೇ ಮತ್ತು ಆರನೇ ತಿಂಗಳಿಗೆ. ಹೆಪಟೈಟಿಸ್ ಸಿಗೆ ಲಸಿಕೆ ಇಲ್ಲ, ಆದರೆ ಬಂದರೂ ಮಾತ್ರೆಯಿಂದ ಗುಣ ಆಗುತ್ತದೆ ಅಂತ ಹೇಳಿದೆ. ರಕ್ತ ಪರೀಕ್ಷೆ ಮತ್ತೆ ಆರು ವಾರಕ್ಕೆ, ಮೂರು ತಿಂಗಳಿಗೆ, ಆರು ತಿಂಗಳಿಗೆ.

ತಟ್ಟೆ, ಲೋಟ, ಬಾಚಣಿಗೆ, ಅಪ್ಪುಗೆ, ಇವುಗಳಿಂದ ಎಚ್‌ಐವಿ ಬರುವುದಿಲ್ಲ ಅಂತ ಎರಡೆರಡು ಸಲ ಹೇಳಿದೆ. ಇವತ್ತು ಸಂಜೆಯೇ ಜಡೆ ಹೆಣೆಯಿರಿ ಅಂದೆ. ಪರೀಕ್ಷೆಗಳು ಮುಗಿಯುವವರೆಗೆ ಗಂಡನ ಜೊತೆ ಕಾಂಡೋಮ್ ಬಳಸಬೇಕು, ರಕ್ತದಾನ ಮಾಡಬಾರದು. ಹಾಗಾಗಿ ಗಂಡನಿಗೆ ಹೇಳಲೇಬೇಕಾಗುತ್ತದೆ. ಅವರಿಗೆ ಅದೇ ದೊಡ್ಡ ಭಯ. ಏನು ಹೇಳುವುದು ಅಂತ ಇಬ್ಬರೂ ಕೂತು ಮಾತು ಹುಡುಕಿದೆವು. "ಕೆಲಸದಲ್ಲಿ ಸೂಜಿ ಚುಚ್ಚಿತು, ಆಸ್ಪತ್ರೆಗೆ ಹೋಗಿದ್ದೇನೆ, ಮುಂದಿನ ಸಲ ನೀವೂ ಬನ್ನಿ." ಇಷ್ಟೇ. ಗಂಡ ಬಂದರು. ಅವರು ಕೇಳಿದ ಮೊದಲ ಪ್ರಶ್ನೆ ನೋವಿದೆಯಾ ಅಂತ.

ಆ ಅಂಗಡಿಯವರಿಗೆ ಸಕ್ಕರೆ ಕಾಯಿಲೆ ಅಂತ ಅಕ್ಕನಿಗೆ ಗೊತ್ತಿತ್ತು. ಹೋಗಿ ಕೇಳಲಾ ಅಂದರು. ಜಗಳಕ್ಕೆ ಹೋಗಬೇಡಿ ಅಂದೆ. ಯಾರನ್ನೂ ಬಲವಂತವಾಗಿ ಎಚ್‌ಐವಿ ಪರೀಕ್ಷೆ ಮಾಡಿಸುವಂತಿಲ್ಲ, 2017ರ ಎಚ್‌ಐವಿ ಕಾನೂನು ಅದನ್ನು ಒಪ್ಪುವುದಿಲ್ಲ. ಅದೇ ಕಾನೂನು ಅಕ್ಕನನ್ನೂ ಕಾಯುತ್ತದೆ. ಫಲಿತಾಂಶ ಏನೇ ಬಂದರೂ ಅದನ್ನು ಹೊರಗೆ ಹೇಳುವಂತಿಲ್ಲ, ಎಚ್‌ಐವಿ ಅನ್ನುವ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ. ಅಂಗಡಿಯವರಿಗೆ ಹೇಳಬೇಕಾದ್ದು ಬೇರೆ. ಸೂಜಿಯನ್ನು ಗಟ್ಟಿ ಪ್ಲಾಸ್ಟಿಕ್ ಬಾಟಲಿಗೆ ಹಾಕಿ, ಮುಚ್ಚಳ ಬಿಗಿದು ಬೇರೆಯಾಗಿ ಕೊಡಿ ಅಂತ. ಅದನ್ನು ಗುಂಪಿನ ಅಧ್ಯಕ್ಷೆ ಎಲ್ಲ ಅಂಗಡಿಗೂ ಹೇಳಿದರೆ ಸಾಕು, ಅಕ್ಕನ ಹೆಸರು ಬರುವುದಿಲ್ಲ.

ಕೆಲಸದ ಕ್ರಮದ ಬಗ್ಗೆ ಗುಂಪಿನವರ ಜೊತೆ ಕೂತು ಮಾತಾಡಿದೆ. ಉಪಾಯ ಹೇಳಿದ್ದು ನಾನಲ್ಲ, ಅವರೇ. ಇಬ್ಬಿಬ್ಬರು ಹೋಗುವುದು ಹೇಗೂ ಇದೆ. ಒಬ್ಬರು ಫೋನ್, ಹಣ. ಇನ್ನೊಬ್ಬರು ಚೀಲ. ಮಧ್ಯಾಹ್ನದ ಮೇಲೆ ಅದಲು ಬದಲು. ಫೋನ್ ಹಿಡಿದವರು ಚೀಲ ಮುಟ್ಟುವುದಿಲ್ಲ. ಗ್ಲೌಸ್ ತೆಗೆಯುವ ಪ್ರಶ್ನೆಯೇ ಇಲ್ಲ! ಚೀಲವನ್ನು ಅದರ ಬಾಯಿಯ ಹತ್ತಿರ ಹಿಡಿದು ಮೈಯಿಂದ ದೂರ ಎತ್ತುವುದು, ಒಳಗೆ ಕೈ ಹಾಕಿ ಅದುಮದೇ ಇರುವುದು, ಬೇರ್ಪಡಿಸುವಾಗ ಇಕ್ಕುಳ ಬಳಸುವುದು, ಇವನ್ನೂ ಸೇರಿಸಿಕೊಂಡೆವು. ಇಲಿಜ್ವರ ತಡೆಯುವ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಮಳೆಗಾಲದಲ್ಲಿ ಆರೋಗ್ಯ ಕೇಂದ್ರದವರು ಹೇಳಿದಂತೆ ತೆಗೆದುಕೊಳ್ಳಲು ನೆನಪಿಸಿದೆ.

ಒಂದು ಮಾತು ನನ್ನನ್ನು ಕಾಡಿತು. ಸುರಕ್ಷತೆಯ ತರಬೇತಿ ಅವರಿಗೆ ಆಗಿತ್ತು, ಮಲಯಾಳದಲ್ಲಿ. ಅಕ್ಕನಿಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಕೊಟ್ಟ ಕಾಗದ ಕಪಾಟಿನಲ್ಲಿತ್ತು. ಹಾಗಾಗಿ ಕಸ ಬೇರ್ಪಡಿಸುವ ಶೆಡ್ಡಿನ ಗೋಡೆಗೆ ಅಂತ ನಾನೇ ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆ: "ಸೂಜಿ ಚುಚ್ಚಿದರೆ ಕೂಡಲೇ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆಯಿರಿ. ಚೀಪಬೇಡಿ, ಹಿಂಡಬೇಡಿ, ಬ್ಲೀಚಿಂಗ್ ಹಾಕಬೇಡಿ. ಗಂಟೆ ನೋಡಿ ಬರೆದಿಡಿ. ಕೆಲಸ ನಿಲ್ಲಿಸಿ ಸರಕಾರಿ ಆಸ್ಪತ್ರೆಗೆ ಹೋಗಿ. ಸಂಶಯವಿದ್ದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ. ಯಾರೂ ನಿಮ್ಮನ್ನು ಬೈಯುವುದಿಲ್ಲ." ಕೊನೆಯ ಸಾಲು ಬೇಕೇ ಬೇಕು ಅಂದದ್ದು ಅಕ್ಕ.

ಗ್ಲೌಸ್, ಬೂಟು, ರೈನ್‌ಕೋಟು, ಮಾಸ್ಕ್ ಕೊಡಬೇಕು ಅಂತ 2016ರ ಘನತ್ಯಾಜ್ಯ ನಿಯಮದಲ್ಲೇ ಬರೆದಿತ್ತು. ಚುಚ್ಚು ತಡೆಯುವ ದಪ್ಪ ಗ್ಲೌಸ್ ಮತ್ತು ಎಲ್ಲರಿಗೂ ಹೆಪಟೈಟಿಸ್ ಬಿ ಲಸಿಕೆ ಬೇಕು ಅಂತ ಗುಂಪಿನವರು ಸಹಿ ಹಾಕಿ ಅರ್ಜಿ ಕೊಟ್ಟಿದ್ದಾರೆ. ಲಸಿಕೆ ಶುರುವಾಗಿದೆ. ಗ್ಲೌಸ್ ಇನ್ನೂ ಬಂದಿಲ್ಲ. ಅಕ್ಕನ ಮೂರು ತಿಂಗಳ ಪರೀಕ್ಷೆಯಲ್ಲಿ ಏನೂ ಇಲ್ಲ ಅಂತ ಬಂತು. ಆರನೇ ತಿಂಗಳ ಡೋಸಿಗೆ ಬರುವಾಗ ಅರ್ಜಿಯ ಪ್ರತಿ ತರಲು ಹೇಳಿದ್ದೇನೆ.