ಫೆಬ್ರವರಿಯಲ್ಲಿ ಒಣಗಿದ ಉಪ್ಪಾಗೆ

ನೀವು ಕಾರವಾರದಲ್ಲಿ ಮೆಕ್ಯಾನಿಕಲ್ ಪಾಠ ಮಾಡುತ್ತೀರಿ. ಮೀನು ಒಣಗಿಸುವ ಯಂತ್ರ ಮಾಡುವ ಯೋಚನೆ ಇದೆ. ಉದ್ಯಮಶೀಲತೆಯಲ್ಲಿ ಪಿಎಚ್‌ಡಿ ಮಾಡುವ ಆಸೆಯೂ ಇದೆ. ಮೂರರಲ್ಲಿ ಯಾವುದನ್ನು ಮೊದಲು ಹಿಡಿಯಲಿ, ಕೆಲಸ ಬಿಡಲಾ ಎಂದು ಕೇಳಿದ್ದೀರಿ. ಓದುತ್ತಾ ಹೋದಂತೆ ಇದು 2013ರಲ್ಲಿ ನಾನೇ ಬರೆದ ಪ್ರಶ್ನೆ ಅನ್ನಿಸಿತು. ಮೀನಿನ ಜಾಗದಲ್ಲಿ ಉಪ್ಪಾಗೆ, ಕಾರವಾರದ ಜಾಗದಲ್ಲಿ ಶಿರಸಿ. ಅಷ್ಟೇ ವ್ಯತ್ಯಾಸ.

ಉಪ್ಪಾಗೆ ನೋಡದವರಿಗಾಗಿ ಎರಡು ಮಾತು. ನಮ್ಮ ಘಟ್ಟದ ದಟ್ಟ ಕಾಡಿನ ಮರ ಅದು, ಮುರುಗಲಿನ ಬಳಗ. ಹಣ್ಣು ಪುಟ್ಟ ಕುಂಬಳಕಾಯಿಯ ಹಾಗೆ ಏಣು ಏಣಾಗಿ ಇರುತ್ತದೆ. ಸಿಪ್ಪೆ ಒಣಗಿದರೆ ಕಪ್ಪು, ವಿಪರೀತ ಹುಳಿ. ಕೇರಳದವರು ಮೀನಿನ ಸಾರಿಗೆ ಹಾಕುವ ಕೊಡಂಪುಳಿ ಇದೇ. ಇದರ ಸಿಪ್ಪೆಯ ಆಮ್ಲ ತೂಕ ಇಳಿಸುತ್ತದೆ ಎಂದು 1990ರ ದಶಕದಲ್ಲಿ ಹೊರದೇಶಗಳಲ್ಲಿ ಮಾತ್ರೆ ಮಾರಲು ಶುರು ಮಾಡಿದರು. ಆಮೇಲೆ ಬೇಡಿಕೆ ಏರಿತು. ತೊಂದರೆ ಇರುವುದು ಹಣ್ಣು ಬರುವ ಹೊತ್ತಿನಲ್ಲಿ. ಜೂನ್‌ನಿಂದ ಆಗಸ್ಟ್, ಅಂದರೆ ಜಡಿಮಳೆಯ ನಡುವೆ. ಬಿಸಿಲಿನ ಮುಖವೇ ಇರುವುದಿಲ್ಲ. ತಟ್ಟಿಯ ಮೇಲೆ ಸಿಪ್ಪೆ ಹರಡಿ, ಕೆಳಗೆ ಬೆಂಕಿ ಹಾಕಿ ಒಣಗಿಸುತ್ತಾರೆ. ಕಾಡಿನ ಕಟ್ಟಿಗೆ ಲೋಡುಗಟ್ಟಲೆ ಸುಡುತ್ತದೆ. ಹಗಲೂ ರಾತ್ರಿ ಹೊಗೆಯಲ್ಲಿ ಕೂರುವವರು ಹೆಚ್ಚಾಗಿ ಹೆಂಗಸರು.

ನಾನು ಆಗ ಹುಬ್ಬಳ್ಳಿ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಶನಿವಾರ ರಾತ್ರಿ ಬಸ್ಸು ಹತ್ತಿ ಊರಿಗೆ ಬರುತ್ತಿದ್ದೆ. ಹಳ್ಳಿಗಳಿಗೆ ತಂತ್ರಜ್ಞಾನ ಒಯ್ಯಲು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ತಂಡದ, ಕಟ್ಟಿಗೆ ಉಳಿಸುವ ಒಲೆ ನಮ್ಮ ಅಜ್ಜಿಯ ಮನೆಯಲ್ಲಿತ್ತು. ಅದೇ ಲೆಕ್ಕಾಚಾರದಲ್ಲಿ ಉಪ್ಪಾಗೆಗೊಂದು ಡ್ರೈಯರ್ ಮಾಡಬಹುದಲ್ವಾ ಎಂಬ ಹುಳ ತಲೆಗೆ ಹೊಕ್ಕಿತು. ಕೆಳಗೆ ಬೆಂಕಿಗೂಡು, ಅದರ ಹೊಗೆ ಪೈಪಿನಲ್ಲಿ ಸುತ್ತಿ ಚಿಮಣಿಯಿಂದ ಹೊರಗೆ. ಪೈಪಿಗೆ ತಾಗಿ ಬಿಸಿಯಾದ ಗಾಳಿ ಎಂಟು ಟ್ರೇಗಳ ನಡುವೆ ಮೇಲೇರಬೇಕು. ಹೊಗೆ ಸಿಪ್ಪೆಗೆ ತಾಗಬಾರದು, ಕಟ್ಟಿಗೆ ಅರ್ಧ ಉಳಿಯಬೇಕು. ಶಿರಸಿಯ ಒಂದು ವರ್ಕ್‌ಶಾಪಿನಲ್ಲಿ ಮೊದಲ ಡ್ರೈಯರ್ ತಯಾರಾದಾಗ ನವೆಂಬರ್. ಸೀಸನ್ ಮುಗಿದು ಮೂರು ತಿಂಗಳಾಗಿತ್ತು.

ಅದೇ ಹೊತ್ತಿಗೆ ಪಿಎಚ್‌ಡಿಗೂ ಹೆಸರು ಹಚ್ಚಿದ್ದೆ. ಮ್ಯಾನೇಜ್‌ಮೆಂಟ್ ವಿಭಾಗ. ವಿಷಯ, ಇಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಉದ್ಯಮ ಶುರು ಮಾಡುವ ಇರಾದೆ. ನಾನೂರು ಜನರಿಗೆ ಪ್ರಶ್ನಾವಳಿ ಹಂಚುವುದು, ಒಂದರಿಂದ ಐದರವರೆಗೆ ಗುರುತು ಹಾಕಿಸುವುದು. ಡ್ರೈಯರ್ ಒಂದು ಕಡೆ, ಪಿಎಚ್‌ಡಿ ಇನ್ನೊಂದು ಕಡೆ, ಪಾಠ ಮತ್ತೊಂದು ಕಡೆ. ಮೂರನ್ನೂ ತೂಗಿಸುತ್ತಿದ್ದೇನೆ ಎಂದುಕೊಂಡಿದ್ದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಒಂದು ಸಮ್ಮೇಳನಕ್ಕೆ ಪೇಪರ್ ಕಳಿಸಲು ಮಾರ್ಚ್ ಕೊನೆಯ ದಿನಾಂಕ. ಪೇಪರ್ ಇದ್ದರೆ ಬಡ್ತಿಗೆ ಅಂಕ, ಪಿಎಚ್‌ಡಿಯ ಪ್ರಗತಿ ವರದಿಗೂ ಒಂದು ಸಾಲು. ಡ್ರೈಯರ್ ರೆಡಿ ಇತ್ತು. ಹಣ್ಣು ಮಾತ್ರ ಇರಲಿಲ್ಲ. ಆದರೆ ಜುಲೈನಲ್ಲೇ ಮುಂದಾಲೋಚನೆ ಮಾಡಿ ಪರಿಚಯದ ಐಸ್‌ಕ್ರೀಂ ಅಂಗಡಿಯ ಡೀಪ್ ಫ್ರೀಜರ್‌ನಲ್ಲಿ 40 ಕೆಜಿ ಸಿಪ್ಪೆ ಇಡಿಸಿದ್ದೆ. 2014ರ ಫೆಬ್ರವರಿ. ಊರೆಲ್ಲ ಮಾರಿಕಾಂಬಾ ಜಾತ್ರೆಯ ತಯಾರಿಯಲ್ಲಿತ್ತು. ನಾನು ಕೊಟ್ಟಿಗೆಯ ಪಕ್ಕ ಡ್ರೈಯರ್ ಹಚ್ಚಿ ಕೂತಿದ್ದೆ. ಒಳಗೆ 62 ಡಿಗ್ರಿ ಏರಿತು. 18 ತಾಸಿನಲ್ಲಿ ಸಿಪ್ಪೆ ಗರಿಗರಿ ಒಣಗಿತು. ಮೂರು ಸಲ ಮಾಡಿದೆ, ಮೂರು ಸಲವೂ ಅದೇ. ಗ್ರಾಫ್ ಚೆಂದ ಬಂತು. ಪೇಪರ್ ಸ್ವೀಕಾರವಾಯಿತು. ಅದೇ ಗ್ರಾಫ್ ಇಟ್ಟುಕೊಂಡು ಮೇ ತಿಂಗಳಲ್ಲಿ ಹತ್ತು ಡ್ರೈಯರ್‌ಗೆ ಆರ್ಡರ್ ಕೊಟ್ಟೆ. ಒಂದಕ್ಕೆ 38 ಸಾವಿರ. ಸ್ವಂತ ಉಳಿತಾಯದ ಜೊತೆ ಸೊಸೈಟಿ ಸಾಲ.

ಜುಲೈನಲ್ಲಿ ಹತ್ತೂ ಡ್ರೈಯರ್ ಕಾಡಂಚಿನ ಶೆಡ್ಡುಗಳಿಗೆ ಹೋದವು. ಒಳಗಿನ ಬಿಸಿ 43 ಡಿಗ್ರಿ ದಾಟಲೇ ಇಲ್ಲ. ಎರಡೂವರೆ ದಿನವಾದರೂ ಸಿಪ್ಪೆ ಮೆತ್ತಗೇ ಇತ್ತು. ಕೆಳಗಿನ ಟ್ರೇಗಳಲ್ಲಿ ಬೂಸಲು. ಏಳು ಡ್ರೈಯರ್ ವಾಪಸ್ ಬಂದವು. ಒಬ್ಬರು ಬೈಯಲೂ ಇಲ್ಲ. ಸುಮ್ನೆ ಜೀಪಿನಿಂದ ಇಳಿಸಿ ಅಂಗಳದಲ್ಲಿಟ್ಟು ಹೋದರು.

ಯಾಕೆ ಹೀಗಾಯಿತು? ಫೆಬ್ರವರಿಯಲ್ಲಿ ನಾನು ಸುಟ್ಟದ್ದು ವರ್ಷವಿಡೀ ಒಣಗಿದ ಕಟ್ಟಿಗೆ. ಮಳೆಗಾಲದಲ್ಲಿ ಶೆಡ್ಡಿನವರಿಗೆ ಸಿಗುವುದು ಕಾಡಿನಿಂದ ಆಗಷ್ಟೇ ತಂದ ಹಸಿ ಕಟ್ಟಿಗೆ. ತೂಕದಲ್ಲಿ ಅರ್ಧದ ಹತ್ತಿರ ನೀರೇ. ಬೆಂಕಿಯ ಕಾವೆಲ್ಲ ಮೊದಲು ಆ ನೀರನ್ನು ಆವಿ ಮಾಡಲು ಹೋಗುತ್ತದೆ. ಉರಿ ಏಳುವುದಿಲ್ಲ, ಹೊಗೆ ಜಾಸ್ತಿ. ಚಿಮಣಿ ಬಿಸಿಯಾಗದಿದ್ದರೆ ಎಳೆತ ಇಲ್ಲ. ಎಳೆತ ಇಲ್ಲದಿದ್ದರೆ ಉರಿ ಇನ್ನೂ ಕುಗ್ಗುತ್ತದೆ. ಒಂದನ್ನೊಂದು ಕೆಳಗೆ ಎಳೆಯುತ್ತವೆ.

ಇನ್ನು ಗಾಳಿ. ಜುಲೈನಲ್ಲಿ 25 ಡಿಗ್ರಿಯ ಗಾಳಿಯಲ್ಲಿ ಶೇ 95 ತೇವ ಇದೆ ಎಂದುಕೊಳ್ಳಿ. ಅದನ್ನು 60 ಡಿಗ್ರಿಗೆ ಕಾಯಿಸಿದರೆ ಸಾಪೇಕ್ಷ ತೇವ ಶೇ 15ರ ಸುತ್ತ ಇಳಿಯುತ್ತದೆ, ಸಿಪ್ಪೆಯ ನೀರನ್ನು ಚೆನ್ನಾಗಿ ಹೀರುತ್ತದೆ. 43ಕ್ಕೇ ನಿಂತರೆ ಶೇ 35ರ ಹತ್ತಿರ ಉಳಿಯುತ್ತದೆ. ಆಗ ಮಂದಗತಿ. ಅಂದರೆ ಮಳೆಗಾಲದ ಗಾಳಿ ತಾನಾಗಿಯೇ ನನ್ನನ್ನು ಸೋಲಿಸಲಿಲ್ಲ. 60 ಡಿಗ್ರಿ ಸಿಕ್ಕಿದ್ದರೆ ಸಾಕಿತ್ತು. ಅದು ಸಿಗದಂತೆ ಮಾಡಿದ್ದು ಕಟ್ಟಿಗೆ.

ಮೂರನೆಯದು ನನಗೆ ತಿಳಿದದ್ದು ಇನ್ನೂ ತಡವಾಗಿ. ಫ್ರೀಜರ್‌ನಲ್ಲಿ ಇಟ್ಟ ಹಣ್ಣಿನ ಜೀವಕೋಶಗಳು ಐಸಿನ ಹರಳುಗಳಿಂದ ಒಡೆದಿರುತ್ತವೆ. ಕರಗಿದ ಮೇಲೆ ನೀರು ಸಲೀಸಾಗಿ ಹೊರಬರುತ್ತದೆ. ಹಾಗಾಗಿ ಅದು ತಾಜಾ ಸಿಪ್ಪೆಗಿಂತ ಬೇಗ ಒಣಗುತ್ತದೆ. ನನ್ನ 18 ತಾಸು ಹಣ್ಣಿನ ಲೆಕ್ಕದಲ್ಲೂ ತಪ್ಪು, ಕಟ್ಟಿಗೆಯ ಲೆಕ್ಕದಲ್ಲೂ ತಪ್ಪು.

ಇವನ್ನೆಲ್ಲ ಮೂರು ತಾಂತ್ರಿಕ ತಪ್ಪು ಎಂದು ನೀವು ಓದಿಕೊಳ್ಳಬಹುದು. ಅಲ್ಲ, ಒಂದೇ ತಪ್ಪು. ಪೇಪರಿನ ದಿನಾಂಕ ನೋಡಿ ನಾನು ಪರೀಕ್ಷೆಯ ದಿನ ಗೊತ್ತುಮಾಡಿದೆ. ಮರ ಹಣ್ಣು ಕೊಡುವ ದಿನಕ್ಕೆ ಕಾಯಬೇಕಿತ್ತು. ಕಾದಿದ್ದರೆ ಒಂದು ಡ್ರೈಯರ್, ಒಂದು ಶೆಡ್ಡು, ಒಂದು ವಾರದಲ್ಲಿ ಎಲ್ಲವೂ ಗೊತ್ತಾಗುತ್ತಿತ್ತು. ಪೇಪರ್ ಒಂದು ವರ್ಷ ತಡವಾಗುತ್ತಿತ್ತು, ಅಷ್ಟೇ ನಷ್ಟ. ಬದಲಿಗೆ 3.8 ಲಕ್ಷ ಹೋಯಿತು. ಸಾಲ ತೀರಿಸಲು ಮೂರು ವರ್ಷ ಹಿಡಿಯಿತು. ಅದಕ್ಕಿಂತ ಜಾಸ್ತಿ ನೋವಾದದ್ದು, ಮುಂದಿನ ಸೀಸನ್ನಿಗೆ ಯಾವ ಶೆಡ್ಡಿನವರೂ ನನ್ನ ಡ್ರೈಯರ್ ಒಳಗೆ ಬಿಟ್ಟುಕೊಳ್ಳಲು ಒಪ್ಪಲಿಲ್ಲ. ಪುಕ್ಕಟೆ ಕೊಡುತ್ತೇನೆಂದರೂ ಬೇಡ ಅಂದರು. ಒಂದು ಸೀಸನ್ನಿನ ಸಿಪ್ಪೆ ಅವರಿಗೆ ಒಂದು ವರ್ಷದ ಕೈಕಾಸು. ಅದರ ಮೇಲೆ ನಾನು ಪ್ರಯೋಗ ಮಾಡಿದ್ದೆ.

ಕೊನೆಗೆ ಸಿದ್ದಾಪುರ ತಾಲೂಕಿನ ನಿಲ್ಕುಂದದ ಕಡೆ ಒಂದು ಮನೆಯವರು ಒಪ್ಪಿದರು. 2015ರಲ್ಲಿ ಸಂಬಳವಿಲ್ಲದ ರಜೆ ಹಾಕಿ 40 ದಿನ ಅವರ ಶೆಡ್ಡಿನಲ್ಲೇ ಇದ್ದೆ. ಮೂರನೇ ದಿನ ಆ ಮನೆಯ ಅಜ್ಜಿ ಬಂದು ನೋಡಿ, ‘ತಮಾ, ಮೊದ್ಲು ಕಟ್ಟಿಗೆ ಒಣಗ್ಸೋ ಒಲೆ ಮಾಡು’ ಅಂದರು. ಅವರ ಅಡುಗೆಮನೆಯಲ್ಲಿ ಒಲೆಯ ಮೇಲೆ ಅಟ್ಟ, ಅಟ್ಟದ ಮೇಲೆ ನಾಳೆಯ ಕಟ್ಟಿಗೆ. ನಮ್ಮ ಮನೆಯಲ್ಲೂ ಹಾಗೇ ಇತ್ತು. ಹುಟ್ಟಿದಾಗಿನಿಂದ ನೋಡಿದ್ದೆ. ಡ್ರಾಯಿಂಗ್ ಹಾಕುವಾಗ ನೆನಪಾಗಿರಲಿಲ್ಲ. ಹೊಗೆಪೈಪು ಚಿಮಣಿಗೆ ಸೇರುವ ಜಾಗದ ಮೇಲೆ ಒಂದು ಕಬ್ಬಿಣದ ಅಟ್ಟ ಕೂರಿಸಿದೆ. ಇವತ್ತು ಸುಡುವ ಬೆಂಕಿ ನಾಳೆಯ ಕಟ್ಟಿಗೆಯನ್ನು ಒಣಗಿಸುತ್ತದೆ. ಐದನೇ ದಿನಕ್ಕೆ ಒಳಗಿನ ಬಿಸಿ 58 ಮುಟ್ಟಿತು. ಈಗಲೂ ನಾವು ಕೊಡುವ ಪ್ರತಿ ಡ್ರೈಯರ್‌ನಲ್ಲಿ ಆ ಅಟ್ಟ ಇದೆ.

ಇಲ್ಲಿಯೇ ನನ್ನ ಪಿಎಚ್‌ಡಿಯೂ ತಿರುಗಿತು. ಅಮೆರಿಕದ ಎಂಐಟಿಯ ಪ್ರಾಧ್ಯಾಪಕ ಎರಿಕ್ ವಾನ್ ಹಿಪ್ಪೆಲ್ 1986ರಲ್ಲಿ ‘ಲೀಡ್ ಯೂಸರ್’ ಎಂಬ ವಿಚಾರ ಮಂಡಿಸಿದರು. ಉಳಿದವರಿಗೆ ಮುಂದೆ ಬರುವ ಅಗತ್ಯ ಕೆಲವು ಬಳಕೆದಾರರಿಗೆ ಮೊದಲೇ ಬಂದಿರುತ್ತದೆ, ಪರಿಹಾರದ ಬೀಜವೂ ಅವರ ಹತ್ತಿರವೇ ಇರುತ್ತದೆ ಎನ್ನುವುದು ಅದರ ಸಾರ. ನಾನು ಅದನ್ನು ತರಗತಿಯಲ್ಲಿ ಸ್ಲೈಡ್ ಹಾಕಿ ಪಾಠ ಮಾಡಿದ್ದೆ. ಅಜ್ಜಿಯ ಮಾತು ಕೇಳಿದ ರಾತ್ರಿ ಅದು ಅರ್ಥವಾಯಿತು. ನಾನೂರು ಜನರ ಪ್ರಶ್ನಾವಳಿ ಬಿಟ್ಟೆ. ಸೀಸನ್ನಿನ ಯಂತ್ರಗಳನ್ನು ಬಳಸುವವರು ತಾವೇ ಹೇಗೆ ಬದಲಾಯಿಸಿಕೊಳ್ಳುತ್ತಾರೆ ಎಂಬುದನ್ನೇ ವಿಷಯ ಮಾಡಿಕೊಂಡೆ. ಗೈಡ್ ಒಪ್ಪಲು ಐದು ತಿಂಗಳು ಬೇಕಾಯಿತು. ಆದರೆ ಒಪ್ಪಿದ ಮೇಲೆ ಅವರೇ ಶೆಡ್ಡಿಗೆ ಬಂದು ಎರಡು ದಿನ ಕೂತರು.

ಹಾಗಾಗಿ ಮೂರರಲ್ಲಿ ಯಾವುದು ಮೊದಲು ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮೂರು ಬೇರೆ ಬೇರೆ ಕೆಲಸ ಅಂದುಕೊಂಡರೆ ಮೂರೂ ಕೆಡುತ್ತವೆ. ನಿಮ್ಮ ಯಂತ್ರವೇ ನಿಮ್ಮ ಪಿಎಚ್‌ಡಿಯ ಕ್ಷೇತ್ರಕಾರ್ಯ ಆಗಬೇಕು. ಅದು ಆಗುವುದಿಲ್ಲ ಎನ್ನುವ ಗೈಡ್ ಆದರೆ ಬೇರೆ ಗೈಡ್ ಹುಡುಕಿ, ಅಥವಾ ಪಿಎಚ್‌ಡಿಯೇ ಬೇಡ. ಉದ್ಯಮದ ಬಗ್ಗೆ ಒಳ್ಳೆಯ ಸಂಶೋಧನೆಗೆ ಸಾವಿರ ಜನರ ಸರ್ವೆ ಬೇಕಿಲ್ಲ. ಉದ್ಯಮಶೀಲತೆಯ ಸಂಶೋಧಕಿ ಸರಸ್ ಸರಸ್ವತಿ ಅವರು ‘ಇಫೆಕ್ಚುಯೇಷನ್’ ವಿಚಾರ ಕಟ್ಟಿದ್ದು 27 ಅನುಭವಿ ಉದ್ಯಮಿಗಳಿಗೆ ಒಂದೇ ಸಮಸ್ಯೆ ಕೊಟ್ಟು, ಅವರು ಯೋಚಿಸುವುದನ್ನು ಬಾಯಿಬಿಟ್ಟು ಹೇಳಿಸಿ. ಇಂಥ ಉದ್ಯಮಿಗಳು ಕೈಯಲ್ಲಿ ಏನಿದೆಯೋ ಅದರಿಂದ ಶುರು ಮಾಡುತ್ತಾರೆ, ಕಳೆದುಕೊಂಡರೂ ತಡೆಯುವಷ್ಟನ್ನೇ ಪಣಕ್ಕಿಡುತ್ತಾರೆ ಎಂದು ಅವರು ಕಂಡುಕೊಂಡರು. ನಾನು ಹತ್ತರ ಬದಲು ಒಂದು ಡ್ರೈಯರ್ ಮಾಡಿಸಿದ್ದರೆ 38 ಸಾವಿರ ತಡೆದುಕೊಳ್ಳುತ್ತಿದ್ದೆ.

ಕೆಲಸ ಬಿಡಬೇಡಿ. ಇದು ನನ್ನ ಖಡಾಖಂಡಿತ ಅಭಿಪ್ರಾಯ. ಸೀಸನ್ನಿನ ಯಂತ್ರ ವರ್ಷಕ್ಕೆ ಎರಡು-ಮೂರು ತಿಂಗಳು ಮಾತ್ರ ಕಲಿಸುತ್ತದೆ. ಉಳಿದ ತಿಂಗಳು ಸಂಬಳ ಇರಲಿ. ನಿಮಗೆ ಬೇಕಾದದ್ದು ರಾಜೀನಾಮೆ ಅಲ್ಲ, ಸರಿಯಾದ ತಿಂಗಳಲ್ಲಿ ರಜೆ. ಬೋಧಕರು ಸ್ಟಾರ್ಟಪ್‌ಗಾಗಿ ರಜೆ ಪಡೆಯಲು ಕಾಲೇಜುಗಳು ಅವಕಾಶ ಕೊಡಬೇಕು ಎಂದು ಕೇಂದ್ರ ಶಿಕ್ಷಣ ಇಲಾಖೆಯ 2019ರ ನಾವೀನ್ಯ ಮತ್ತು ಸ್ಟಾರ್ಟಪ್ ನೀತಿಯೇ ಹೇಳುತ್ತದೆ. ಅದರ ಪ್ರಿಂಟ್ ತೆಗೆದು ಪ್ರಿನ್ಸಿಪಾಲರ ಮುಂದಿಡಿ. ನಾನು ಕೇಳಿದಾಗ ಅದು ಇರಲಿಲ್ಲ.

ಪೇಪರ್ ಬರೆಯುವ ಮೊದಲು ಪೇಟೆಂಟಿಗೆ ತಾತ್ಕಾಲಿಕ ಅರ್ಜಿ ಹಾಕಿ. ವ್ಯಕ್ತಿಯಾಗಿ ಆನ್‌ಲೈನ್‌ನಲ್ಲಿ ಹಾಕಿದರೆ ಸರ್ಕಾರಿ ಶುಲ್ಕ 1,600 ರೂಪಾಯಿ. ಪೂರ್ಣ ಅರ್ಜಿಗೆ 12 ತಿಂಗಳು ಸಮಯ ಸಿಗುತ್ತದೆ. ಆ ಹನ್ನೆರಡು ತಿಂಗಳಲ್ಲಿ ಒಂದು ಸೀಸನ್ ಬರುವಂತೆ ನೋಡಿಕೊಳ್ಳಿ. ಪ್ರೊಟೊಟೈಪಿಗೆ ಸಾಲ ಮಾಡಬೇಡಿ. ಕೇಂದ್ರ ಸರ್ಕಾರದ ನಿಧಿ-ಪ್ರಯಾಸ್ ಯೋಜನೆಯಲ್ಲಿ 10 ಲಕ್ಷದವರೆಗೆ ಅನುದಾನ ಇದೆ, ಅದಕ್ಕೆ ಪ್ರಯತ್ನಿಸಿ.

ಈಗ ನಿಮ್ಮ ಮೀನಿಗೆ ಬರೋಣ. ನಮ್ಮ ಕರಾವಳಿಯಲ್ಲಿ ಒಣಮೀನು ಆಗುವುದು ಬೇಸಿಗೆಯ ದಡದ ಬಿಸಿಲಿನಲ್ಲಿ. ಮಳೆಗಾಲಕ್ಕೆಂದು ಎಲ್ಲರೂ ಮೇ ಒಳಗೆ ಕೊಂಡಿಡುತ್ತಾರೆ. ಬಿಸಿಲು ಪುಕ್ಕಟೆ. ಏಪ್ರಿಲ್‌ನಲ್ಲಿ ಮೀನುಗಾರ್ತಿ ನಿಮ್ಮ ಯಂತ್ರಕ್ಕೆ ದುಡ್ಡು ಯಾಕೆ ಕೊಡಬೇಕು? ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ. ಆಗಸ್ಟ್‌ನಲ್ಲಿ ದೋಣಿ ಇಳಿಯುತ್ತವೆ, ಮಳೆ ಇನ್ನೂ ಬಿಟ್ಟಿರುವುದಿಲ್ಲ. ಮೀನು ಒಮ್ಮೆಲೇ ರಾಶಿ ಬಿದ್ದ ದಿನ ದರ ಬೀಳುತ್ತದೆ, ಒಣಗಿಸೋಣವೆಂದರೆ ಬಿಸಿಲಿಲ್ಲ. ನಿಮ್ಮ ಯಂತ್ರಕ್ಕೆ ಕೆಲಸ ಇದ್ದರೆ ಆ ವಾರಗಳಲ್ಲಿ ಇದೆ. ಆಗಲೂ ಇಲ್ಲದಿದ್ದರೆ ಯಂತ್ರ ಬೇಕಿಲ್ಲ ಎಂದೇ ಅರ್ಥ, ಅದೂ ಒಂದು ಒಳ್ಳೆಯ ಪೇಪರ್ ಆಗುತ್ತದೆ.

ಪಿಎಚ್‌ಡಿ ಸೇರುವುದೇ ಆದರೆ ಇನ್ನೊಂದು ಲೆಕ್ಕ ಹಾಕಿ. ಯುಜಿಸಿಯ 2022ರ ನಿಯಮದಲ್ಲಿ ಗರಿಷ್ಠ ಅವಧಿ 6 ವರ್ಷ, ಮರುನೋಂದಣಿ ಮಾಡಿಸಿದರೆ ಇನ್ನೆರಡು. ಅಂದರೆ ನಿಮ್ಮ ಕೈಯಲ್ಲಿ ಇರುವುದು ಆರು ಆಗಸ್ಟ್. ನಾನು ಒಂದನ್ನು ಪೇಪರಿಗೆ ಕೊಟ್ಟೆ, ಇನ್ನೊಂದರಲ್ಲಿ ಅರ್ಧ ಶೆಡ್ಡು ಹುಡುಕುವುದರಲ್ಲೇ ಹೋಯಿತು.

ಈ ವರ್ಷದ ಆಗಸ್ಟ್‌ಗೆ ಯಂತ್ರ ಬೇಡ. ಬರೀ ಥರ್ಮಾಮೀಟರ್, ತೇವ ಅಳೆಯುವ ಮೀಟರ್, ಒಂದು ತಕ್ಕಡಿ ಹಿಡಿದು ಬೈತಖೋಲ್ ಬಂದರಿಗೆ ಹೋಗಿ. ಬೆಳಗಿನ ಜಾವ ಹೋಗಬೇಕು. ಮಾರಾಟವಾಗದೆ ಉಳಿದ ಬಂಗಡೆ, ಶೆಟ್ಲಿ ಎಲ್ಲಿಗೆ ಹೋಗುತ್ತದೆ, ಯಾರು ಒಯ್ಯುತ್ತಾರೆ, ಎಷ್ಟಕ್ಕೆ ಒಯ್ಯುತ್ತಾರೆ ಎಂದು ಹದಿನೈದು ದಿನ ಬರೆದುಕೊಳ್ಳಿ. ಮೀನು ಮಾರುವ ಅಕ್ಕಂದಿರ ಹತ್ತಿರ ಮಾತಾಡಿ, ಮಳೆಯಲ್ಲಿ ಅವರು ಈಗ ಏನು ಮಾಡುತ್ತಾರೆ ಕೇಳಿ. ಆ ಪುಸ್ತಕ ತುಂಬಿದ ಮೇಲೆ ಶಿರಸಿಗೆ ಬನ್ನಿ. ನಮ್ಮ ವರ್ಕ್‌ಶಾಪಿನಲ್ಲಿ ವಾಪಸ್ ಬಂದ ಆ ಏಳರಲ್ಲಿ ಒಂದು ಡ್ರೈಯರ್ ಇನ್ನೂ ಇದೆ. ಅದನ್ನು ಬಿಚ್ಚಿ ತೋರಿಸುತ್ತೇನೆ.