ಒಬ್ಬನಿಗೆ ಎರಡು ಪೆಡಲ್‌ಬೋರ್ಡ್ ಯಾಕೆ?

ಪ್ರಶ್ನೆ: ಮಗ ಗಿಟಾರ್ ನುಡಿಸುತ್ತಾನೆ. ಪೆಡಲ್‌ಬೋರ್ಡ್ ಒಂದಿದೆ, ಈಗ ಇನ್ನೊಂದು ಬೇಕಂತೆ. ಇದು ಶೋಕಿ ಅಲ್ವಾ?
– ಓದುಗರು, ಹಾಸನ

ಉತ್ತರ: ಸ್ವಲ್ಪ ಶೋಕಿ, ಜಾಸ್ತಿ ಅಗತ್ಯ. ಪೆಡಲ್ ಅಂದರೆ ಗಿಟಾರಿನ ಧ್ವನಿ ಬದಲಿಸಲು ಕಾಲಲ್ಲಿ ಒತ್ತುವ ಪುಟ್ಟ ಪೆಟ್ಟಿಗೆ; ಅವನ್ನು ಸಾಲಾಗಿ ಅಂಟಿಸಿಡುವ ಹಲಗೆಯೇ ಪೆಡಲ್‌ಬೋರ್ಡ್. ನನ್ನ ಹತ್ತಿರವೂ ಎರಡಿವೆ. ದೊಡ್ಡದರಲ್ಲಿ ಒಂಬತ್ತು ಪೆಡಲ್, ಅದು ರೆಕಾರ್ಡಿಂಗ್‌ಗೆ. ಮಲ್ಲೇಶ್ವರದಿಂದ ಇಂದಿರಾನಗರಕ್ಕೆ ಸ್ಕೂಟರಿನಲ್ಲಿ ಅದನ್ನು ಹೊರುವವರು ಯಾರು? ಅದಕ್ಕೇ ಚಿಕ್ಕದು: ಶ್ರುತಿ ನೋಡಲು ಟ್ಯೂನರ್, ಧ್ವನಿ ಒರಟಾಗಿಸಲು ಓವರ್‌ಡ್ರೈವ್, ಪ್ರತಿಧ್ವನಿಯಂತೆ ಮರುಕಳಿಸಲು ಡಿಲೇ. ಬೆನ್ನಿನ ಬ್ಯಾಗಿನಲ್ಲೇ ಹಿಡಿಸುತ್ತದೆ.

ಒಂದೇ ಬೋರ್ಡಿನಲ್ಲಿ ಬೇಕಾದಂತೆ ಪೆಡಲ್ ಕಿತ್ತು ಜೋಡಿಸಬಹುದಲ್ಲ ಅಂತೀರಿ. ನಾನೂ ಹಾಗೇ ಮಾಡುತ್ತಿದ್ದೆ. ಕಿತ್ತು ಕಿತ್ತು ಪೆಡಲ್ ತಳದ ವೆಲ್ಕ್ರೋ ಸಡಿಲವಾಯಿತು. ಪೆಡಲ್‌ನಿಂದ ಪೆಡಲ್‌ಗೆ ಸೇರಿಸುವ ಬೆರಳುದ್ದದ ಪ್ಯಾಚ್ ಕೇಬಲ್ ಒಂದು ಒಳಗೇ ತುಂಡಾಗಿತ್ತು, ಹೊರಗೆ ಏನೂ ಕಾಣುತ್ತಿರಲಿಲ್ಲ. ಒಂದು ಆರತಕ್ಷತೆಯಲ್ಲಿ ಹಾಡಿನ ನಡುವೆ ಶಬ್ದವೇ ನಿಂತುಹೋಯಿತು. ಮದುಮಗನೂ ನನ್ನನ್ನೇ ನೋಡುತ್ತಿದ್ದ, ನಾನು ಮಂಡಿಯೂರಿ ಒಂದೊಂದೇ ಕೇಬಲ್ ಅಲ್ಲಾಡಿಸುತ್ತಿದ್ದೆ.

ಕರೆಂಟಿನದ್ದೂ ಒಂದು ರಗಳೆ. ಹೆಚ್ಚಿನ ಪೆಡಲ್‌ಗಳು 9 ವೋಲ್ಟಿನವು. ಆದರೆ ಓವರ್‌ಡ್ರೈವಿಗೆ 10 ಮಿಲಿಆಂಪ್ ಸಾಕಾದರೆ, ದೊಡ್ಡ ಸಭಾಂಗಣದಂಥ ಗುಂಗು ಕೊಡುವ ಕೆಲವು ಡಿಜಿಟಲ್ ರಿವರ್ಬ್‌ಗೆ 300 ಬೇಕು. ಎಲ್ಲವನ್ನೂ ಒಂದೇ ಅಗ್ಗದ ಅಡಾಪ್ಟರಿಗೆ ಸಿಕ್ಕಿಸಿದರೆ ಸುಮ್ನೆ ಗುಂಯ್ ಅನ್ನುತ್ತಿರುತ್ತದೆ. ಚಿಕ್ಕ ಬೋರ್ಡಿಗೆ ಆ ತಲೆನೋವು ಕಡಿಮೆ.

ಎರಡನೆಯದರಲ್ಲಿ ಎಷ್ಟು ಪೆಡಲ್ ಅಂತ ಮಗನನ್ನು ಕೇಳಿ. ಮೂರೋ ನಾಲ್ಕೋ ಅಂದರೆ ಕೊಡಿಸಿ. ಹನ್ನೆರಡು ಅಂದರೆ, ಹೊರಲು ನೀವೂ ಜೊತೆಗೆ ಹೋಗಬೇಕಾದೀತು.