ಮಗುವಿನ ಜ್ವರಕ್ಕೂ ಸಂಬಳ ಸಹಿತ ರಜೆ ಕೇಳಬಹುದು

ಎರಡೂವರೆ ವರ್ಷದ ಮಗಳಿಗೆ ಜ್ವರ ಅಂತ ಮನೆಯಲ್ಲೇ ಉಳಿದಿದ್ದಕ್ಕೆ ಸಂಬಳ ಹಿಡಿದಿದ್ದಾರೆ, 'ಸಿಕ್ ಲೀವ್ ನಿಮಗೆ ಹುಷಾರಿಲ್ಲದಿದ್ದರೆ ಮಾತ್ರ' ಅಂದಿದ್ದಾರೆ, ಇದು ಸರಿಯಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಸರಿಯಲ್ಲ.

ನಿಮ್ಮದು ಬೆಂಗಳೂರಿನ ಖಾಸಗಿ ಆಫೀಸು, ಅಲ್ವಾ? ಹಾಗಿದ್ದರೆ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ 15ನೇ ಸೆಕ್ಷನ್ ಓದಿ. ವರ್ಷಕ್ಕೆ 12 ದಿನದವರೆಗೆ ಸಂಬಳ ಸಹಿತ ರಜೆ ಇದೆ. ಅದು ನೌಕರರ ಕಾಯಿಲೆ, ಅಪಘಾತಕ್ಕೆ ಮಾತ್ರವಲ್ಲ, ಬೇರೆ ಸಮಂಜಸ ಕಾರಣಕ್ಕೂ ಸಲ್ಲುತ್ತದೆ. ಪುಟ್ಟ ಮಗು ಜ್ವರದಲ್ಲಿ ನರಳುತ್ತಿರುವುದಕ್ಕಿಂತ ಸಮಂಜಸ ಕಾರಣ ಇನ್ನೇನಿದೆ?

ಬಾಯಿಮಾತಲ್ಲಿ ವಾದ ಮಾಡಬೇಡಿ. ಎಚ್‌ಆರ್‌ಗೆ ಇಮೇಲ್ ಬರೆಯಿರಿ. ಈ ಸೆಕ್ಷನ್ ಹೆಸರಿಸಿ, ಮಗುವಿನ ಡಾಕ್ಟರ್ ಚೀಟಿ ಲಗತ್ತಿಸಿ, ಹಿಡಿದ ಸಂಬಳ ವಾಪಸ್ ಕೇಳಿ. ಕೆಲವರು 'ನಿಮಗೇ ಜ್ವರ ಅಂತ ಬರೆದುಬಿಡಿ' ಅನ್ನುತ್ತಾರೆ. ದಯವಿಟ್ಟು ಬೇಡ. ನಿಜವಾದ ಕಾರಣವೇ ಸಾಕು, ಸುಳ್ಳು ಸಿಕ್ಕಿಬಿದ್ದರೆ ಕೆಲಸಕ್ಕೇ ಕುತ್ತು. ಅವರು ಜಗ್ಗದಿದ್ದರೆ ನಿಮ್ಮ ಭಾಗದ ಕಾರ್ಮಿಕ ನಿರೀಕ್ಷಕರಿಗೆ ದೂರು ಕೊಡಬಹುದು.

ಇನ್ನೊಂದು ಮಾತು. ಡೇಕೇರ್‌ಗೆ ಹೋಗುವ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ಶೀತ ಆಗುವುದು ಮಾಮೂಲು. ನಿಮ್ಮ 12 ದಿನ ಬೇಗ ಮುಗಿಯುತ್ತದೆ. ಯಜಮಾನರೂ ಇಂಥದ್ದೇ ಆಫೀಸಿನಲ್ಲಿದ್ದಾರೆ ಅಂದಿರಲ್ಲ, ಅವರಿಗೂ ಇದೇ ರಜೆ ಇದೆ. ಮುಂದಿನ ಜ್ವರಕ್ಕೆ ಅವರು ಅರ್ಜಿ ಹಾಕಲಿ. ಅಮ್ಮನೊಬ್ಬಳದೇ ರಜೆ ಯಾಕೆ ಕರಗಬೇಕು?

ಮಗಳು ಈಗ ಹುಷಾರಾಗಿದ್ದಾಳಾ? ಎಚ್‌ಆರ್ ಏನಂದರು ಅಂತ ಖಂಡಿತ ತಿಳಿಸಿ.